ಮುಹೂರ್ತವಿಲ್ಲದ ಲಗ್ನಪತ್ರಿಕೆ

ಮೇಜಿನ ಖಾನೆ ಸ್ವಚ್ಛ ಮಾಡುವಾಗ ಹಳೆಯ ಲಗ್ನಪತ್ರಿಕೆಯೊಂದು ಸಿಕ್ಕಿತು. ಮೂಲೆಗೆ ಹಚ್ಚಿದ ಅರಿಶಿಣದ ವಾಸನೆ ಇನ್ನೂ ಹೋಗಿಲ್ಲ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಕನ್ನಡದ ಬದಿಯಲ್ಲಿ ಹೆಸರುಗಳಿವೆ, ಊರುಗಳಿವೆ, ಊಟದ ಸಾಲೂ ಇದೆ. ಮುಹೂರ್ತದ ಸಾಲು ಇಲ್ಲ. ನೋಡಿದೊಡನೆ ಹೇಸಿಗೆಯಾಯಿತು... ಪತ್ರಿಕೆಯ ಮೇಲಲ್ಲ, ನನ್ನ ಮೇಲೆ.

ಇದು ಅಚ್ಚಾದ ಚಿಕ್ಕೋಡಿಯ ಪ್ರೆಸ್ಸಿನಲ್ಲಿ ಪತ್ರಿಕೆ ಟೈಪು ಮಾಡುತ್ತಿದ್ದ ಕಾಕಾ ದಿನವೂ ಬೇಡಕಿಹಾಳದಿಂದ ಬಸ್ಸಿಗೆ ಬರುತ್ತಿದ್ದರು. ಅವರ ಕೈ ಪಳಗಿದ್ದು ಒಂದು ಹಳೆಯ ಸಾಫ್ಟ್‌ವೇರಿನಲ್ಲಿ. ಮಾಲಕರು ತಂದ ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಆಗ ಪ್ರೋಗ್ರಾಮಿಂಗ್ ಬಲ್ಲ ನನ್ನನ್ನು ಕರೆಸಿದರು. ಹಳೆ ಸಾಫ್ಟ್‌ವೇರಿಗೆ ‘ನೀನಿರುವುದು ಹಳೆ ಮಷೀನಿನಲ್ಲೇ’ ಎಂದು ನಂಬಿಸುವ ನಡುವಿನ ಪದರವೊಂದನ್ನು ಬರೆದು ಕೂಡಿಸಿದೆ. ಕೆಲಸ ಬೇಗ ಆಗಲೆಂದು ಎರಡೂ ಬದಿ ಏಕಕಾಲಕ್ಕೆ ತಯಾರಾಗುವಂತೆ ಮಾಡಿದೆ. ಜಂಬವಿತ್ತು.

ಆಮೇಲೆ ಆಗೊಮ್ಮೆ ಈಗೊಮ್ಮೆ ಪತ್ರಿಕೆಯಿಂದ ಒಂದು ಸಾಲು ಮಾಯವಾಗತೊಡಗಿತು. ಈ ಪತ್ರಿಕೆ ಹಂಚಿಹೋದ ಮೇಲಂತೂ ಹೆಣ್ಣಿನ ಕಡೆಯವರು ಪ್ರೆಸ್ಸಿನೆದುರು ನಿಂತು ಬೈದರು. ಮಾಲಕರು ಪ್ರಿಂಟರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಕಾಕಾನ ಕಣ್ಣು ಮಂದವಾಗಿದೆ ಎಂದೂ ಊರಿಗೆಲ್ಲ ಹೇಳಿದರು.

ಕಾಕಾ ನನಗೆ ಹೇಳಿದ್ದು ಇಷ್ಟೇ: “ತಮ್ಮಾ, ಎರಡೂ ಬಾಜೂ ಕೂಡೇ ಬಿಡಬ್ಯಾಡ. ಒಂದು ಮುಗೀಲಿ, ಆಮ್ಯಾಲ ಇನ್ನೊಂದು ಬಿಡು. ನಾ ಹಂಗ ಮಾಡಿದ ದಿನ ಒಂದೂ ಸಾಲು ಹೋಗಿಲ್ಲ.”

ಕಾರಣ ಕೇಳಿದೆ. ಗೊತ್ತಿಲ್ಲ ಎಂದರು. ಕಾರಣ ಹೇಳಲಾಗದ ಮಾತೆಲ್ಲ ಮೂಢನಂಬಿಕೆ ಎಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನು ನಾನು. ಪ್ರಿಂಟರಿನ ಲಿಂಬೆಹಣ್ಣು ತೋರಿಸಿ, ಇದಕ್ಕೂ ನಿಮ್ಮ ಮಾತಿಗೂ ಏನು ಫರಕು ಎಂದೆ.

“ಲಿಂಬಿಕಾಯಿ ಮಾಲಕರದಪಾ,” ಎಂದು ನಕ್ಕರು. “ನಂದು ಬರೇ ನೋಡಿದ್ದು.”

ನೋಡಿದ್ದು... ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿತ್ತು? ನಾನು ಮಾಲಕರೆದುರು ಪರೀಕ್ಷೆ ಮಾಡಿ ತೋರಿಸಿದೆ. ಹತ್ತು ಪತ್ರಿಕೆ, ಹತ್ತೂ ಸರಿ. ಎಲ್ಲವೂ ಬರೀ ಕನ್ನಡದವು. ಮರಾಠಿ ಬದಿ ಸೇರಿಸಿದರೆ ಬೇರೇನಾದೀತು ಎಂದು ಬಿಟ್ಟಿದ್ದೆ. “ಮಷೀನಿಂದು ತಪ್ಪಿಲ್ಲಂದ್ರ ಉಳಿದವರು ಯಾರು, ಕಾಕಾ?” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ವಾದ ಗೆದ್ದೆ. ಮರುದಿನದಿಂದ ಬರಬೇಡಿ ಎಂದು ಮಾಲಕರು ಅವರಿಗೆ ಹೇಳಿದರು. ಅವರ ಕುರ್ಚಿಯಲ್ಲಿ ಟೈಪು ಮಾಡಲು ನಾನು ಕೂತೆ.

ತಿಂಗಳೊಳಗೆ ನನ್ನ ಕೈಯಲ್ಲೇ ಸಾಲು ಹೋಯಿತು. ನನ್ನ ಕಣ್ಣೇನೂ ಮಂದವಾಗಿರಲಿಲ್ಲ. ಆಗ ಎರಡೂ ಬದಿ ಕೂಡಿಸಿ ಮತ್ತೆ ಮತ್ತೆ ಓಡಿಸಿದೆ. ಎಷ್ಟೋ ಸಲ ಸರಿ ಬಂದು, ಒಮ್ಮೆ ಮುಹೂರ್ತ ಮಾಯ. ಎರಡೂ ಬದಿಯ ಸಾಲುಗಳು ಮೆಮೊರಿಯ ಒಂದೇ ಜಾಗಕ್ಕೆ ಬರುತ್ತಿದ್ದವು. ಒಂದೇ ಗಳಿಗೆಗೆ ಬಂದರೆ ಒಂದನ್ನು ಇನ್ನೊಂದು ಅಳಿಸುತ್ತಿತ್ತು. ತಪ್ಪು ನಾನು ಬರೆದ ಪದರದ್ದೇ. ಒಂದು ಮುಗಿಯುವ ತನಕ ಇನ್ನೊಂದು ಕಾಯಲಿ ಎಂದು ತಿದ್ದಿದೆ. ಕಾಕಾನ ಮಾತನ್ನೇ ಕೋಡಿನಲ್ಲಿ ಬರೆದಿದ್ದೆ.

“ಭಾಳ ಶಾಣ್ಯಾ ಅದೀಪಾ,” ಎಂದು ಮಾಲಕರು ಚಹಾ ತರಿಸಿದರು. ಕುಡಿದೆ. ಕಾಕಾನ ಸುದ್ದಿ ಎತ್ತಲಿಲ್ಲ. ಮಾಲಕರ ಹಲ್ಲುಕಿರಿದ ಮುಖ ನೆನೆದರೆ ಹೇಸಿಗೆಯಾಗುತ್ತದೆ. ಆ ಚಹಾದ ಕಪ್ಪು ಹಿಡಿದ ನನ್ನ ಕೈ ನೆನೆದರೆ ಇನ್ನೂ ಹೆಚ್ಚು. ಬೇಡಕಿಹಾಳಕ್ಕೆ ಹೋಗಿ ಹೇಳಬೇಕಿತ್ತು. ನಾಳೆ, ನಾಡಿದ್ದು ಎನ್ನುತ್ತ...

ಅವರ ಉತ್ತರಕ್ರಿಯೆಯ ಪತ್ರಿಕೆ ನಮ್ಮಲ್ಲಿಗೇ ಬಂತು, ಎರಡೂ ಭಾಷೆಯಲ್ಲಿ. ನಾನೇ ಕೂತೆ. ಕನ್ನಡ ಮುಗಿಯಿತು, ಕಾದಿದ್ದ ಮರಾಠಿ ಆಮೇಲೆ ಹೊರಟಿತು. ಒಂದೂ ಸಾಲು ಹೋಗಲಿಲ್ಲ. ಅವರ ಮಗ ಎರಡು ಸಲ ಓದಿ, “ಬರೋಬ್ಬರಿ ಐತ್ರಿ,” ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಲಗ್ನಪತ್ರಿಕೆಯನ್ನು ಮತ್ತೆ ಖಾನೆಯಲ್ಲೇ ಇಟ್ಟಿದ್ದೇನೆ. ಬೇಡಕಿಹಾಳದ ಬಸ್ಸು ಈಗಲೂ ಓಡುತ್ತದೆ. ಈ ಮಾತು ಕೇಳಬೇಕಾದವರು ಅಲ್ಲಿಲ್ಲ...