ಹಿಂದೆ ಬರುತ್ತಿರುವವರು

ಕಾಶಿಯ ಪಂಚಕ್ರೋಶಿ ಪರಿಕ್ರಮ ಎಂದರೆ ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರಿನ ನಡಿಗೆ. ಊರನ್ನು ಬಲಕ್ಕಿಟ್ಟುಕೊಂಡು, ಹೊಲ, ಇಟ್ಟಿಗೆ ಭಟ್ಟಿ, ಲಾರಿ ರಸ್ತೆಗಳನ್ನು ಹಾದು, ನಡುವೆ ಐದು ಕಡೆ ತಂಗಿ, ಹೊರಟ ಘಾಟಿಗೇ ಬಂದು ಸೇರಬೇಕು. ಐವತ್ನಾಲ್ಕರ ವಯಸ್ಸಿನಲ್ಲಿ, ಅದುವರೆಗೆ ಬ್ಯಾಂಕಿನಿಂದ ಬಸ್ ನಿಲ್ದಾಣಕ್ಕೆ ಬಿಟ್ಟರೆ ಬೇರೆಲ್ಲಿಗೂ ನಡೆದು ಗೊತ್ತಿಲ್ಲದ ನಾನು ಇದಕ್ಕೆ ಹೊರಟದ್ದು ಭಕ್ತಿಯಿಂದಲ್ಲ, ಸಿಟ್ಟಿನಿಂದ.

ದಾವಣಗೆರೆಯಲ್ಲಿ ಅಮ್ಮ ಇರುವ ತನಕ ಪ್ರತಿ ಸಲ ಬಡ್ತಿ ಬಂದಾಗಲೂ ಬೇಡ ಎನ್ನುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಬೇಡ ಎನ್ನಲು ಕಾರಣ ಉಳಿಯಲಿಲ್ಲ. ಮದುವೆ ಆಗಿರಲಿಲ್ಲ, ಒಡಹುಟ್ಟಿದವರೂ ಇಲ್ಲ. ಬಡ್ತಿ ಕೊಟ್ಟು ಕಾಶಿಯ ಸೋನಾರ್‌ಪುರದ ಶಾಖೆಗೆ ಹಾಕಿದರು. ಬಂಗಾಲಿ ಟೋಲಾದ ಗಲ್ಲಿಯಲ್ಲಿ ಎರಡನೇ ಮಹಡಿಯ ಒಂದು ಕೋಣೆ ಸಿಕ್ಕಿತು. ಕೋಣೆಯೇನೋ ಚೆನ್ನಾಗಿದೆ. ಆದರೆ ಈ ಊರಿನ ಜನಕ್ಕೆ ಒಂದು ಪ್ರಶ್ನೆಯ ರೋಗವಿದೆ. ಮನೆಯೊಡತಿ ಕೇಳಿದಳು, ತರಕಾರಿಯವನು ಕೇಳಿದ, ಇ-ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತ ಕೇಳಿದ: "ಅಕೇಲೀ?" ಒಂಟಿಯೇ ಎಂದು. ಹೌದು ಎಂದರೆ ಸಾಕು, ಮುಖ ಸಣ್ಣದು ಮಾಡಿಕೊಂಡು ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಾರೆ. ನನಗೆ ಬೈಸಿಕೊಳ್ಳುವುದು ಬೇಕು, ಈ ಪಾಪ ಎನ್ನಿಸಿಕೊಳ್ಳುವುದು ಬೇಡ.

ಶಾಖೆಯವರೆಲ್ಲ ಸೇರಿ ಜೀಪು ಮಾಡಿಕೊಂಡು ಒಂದೇ ದಿನದಲ್ಲಿ ಪರಿಕ್ರಮ ಮುಗಿಸುವ ಮಾತಾಡುತ್ತಿದ್ದರು. ಗಂಡ ಹೆಂಡತಿ ಜೋಡಿಗಳ ಲೆಕ್ಕ ಹಾಕಿ ಮುಗಿದ ಮೇಲೆ ಒಬ್ಬರು ನನ್ನ ಕಡೆ ತಿರುಗಿ, "ಮೇಡಂ ಕೋ ಆಗೇ ಡ್ರೈವರ್ ಕೇ ಬಗಲ್ ಮೇಂ ಬಿಠಾ ದೇಂಗೇ" ಎಂದರು. ಮೇಡಂ ಅವರನ್ನು ಮುಂದೆ ಡ್ರೈವರ್ ಪಕ್ಕ ಕೂರಿಸೋಣ ಎಂದು. ಪಾಪ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ಮಾತ್ರ ಉರಿದುಹೋದೆ. ನಾನು ನಡೆದೇ ಮಾಡುತ್ತೇನೆ, ಒಬ್ಬಳೇ ಮಾಡುತ್ತೇನೆ ಎಂದುಬಿಟ್ಟೆ. ಆಡಿದ ಮೇಲೆ ಮುಗಿಯಿತು, ಫಾಲ್ಗುಣದಲ್ಲಿ ಮೂರು ದಿನ ರಜೆ ಬರೆದುಕೊಟ್ಟೆ.

ಅಭ್ಯಾಸಕ್ಕೆಂದು ನಾಲ್ಕು ಭಾನುವಾರ ಸೇತುವೆ ದಾಟಿ ರಾಮನಗರದ ಕೋಟೆಯ ತನಕ ನಡೆದೆ. ವಾಪಸು ಬರುವಾಗ ಆಟೋ ಹತ್ತುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಕಾಲಿಗೆ ಸರಿಯಾಗಿ ಕೂರುವ ಹೊಸ ಶೂ ಕೊಂಡೆ. ದೂರದ ನಡಿಗೆಗೆ ಕಾಲು ಊದುತ್ತದೆ, ಒಂದು ಅಳತೆ ದೊಡ್ಡದು ಬೇಕು ಎಂದು ತಿಳಿದದ್ದು ಆಮೇಲೆ, ಹಿಮ್ಮಡಿಯ ಚರ್ಮ ಕಿತ್ತುಹೋದ ಮೇಲೆ.

ನನಗೆ ಇಲ್ಲಿ ಕನ್ನಡ ಸಿಗುವುದು ಒಂದೇ ಮನೆಯಲ್ಲಿ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿರುವ ಮೈಸೂರಿನ ಡಾಕ್ಟರಮ್ಮನ ಮನೆ. ಅವರ ಮಕ್ಕಳು ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಟ್ಟು ಓಡುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಅದಕ್ಕಿಂತ ಹೆಚ್ಚು ಹೋದರೆ ನಮ್ಮ ಬೆಲೆ ನಾವೇ ಕಳೆದುಕೊಂಡಂತೆ. ಆಕೆ ನನಗೊಂದು ಉಪಾಯ ಹೇಳಿಕೊಟ್ಟರು.

"ಒಬ್ರೇ ಅಂತ ಮಾತ್ರ ಹೇಳ್ಬೇಡಿ. ಈ ಕಡೆ ಜನ ಸವಾಲ್ ಮೇಲೆ ಸವಾಲ್ ಹಾಕ್ತಾರೆ. ಪೀಛೇ ಆ ರಹೇ ಹೈಂ ಅಂದ್ಬಿಡಿ, ಬಸ್, ಮುಗೀತು. ಸೇಫ್ಟಿಗೂ ಒಳ್ಳೇದು."

ನಮ್ಮವರು ಹಿಂದೆ ಬರುತ್ತಿದ್ದಾರೆ. ಇಷ್ಟು ಸುಲಭವೇ ಅನ್ನಿಸಿತು.

ಬೆಳಗಿನ ಐದಕ್ಕೆ ಮಣಿಕರ್ಣಿಕೆಯಲ್ಲಿ ಸಂಕಲ್ಪ ಮಾಡಿ ಹೊರಟೆ. ಘಾಟುಗಳುದ್ದಕ್ಕೂ ಅಸ್ಸಿಯ ತನಕ ನಡೆದು, ಅಲ್ಲಿಂದ ಒಳಕ್ಕೆ ತಿರುಗಿ, ಮೊದಲ ತಂಗುದಾಣವಾದ ಕಂದ್ವಾ ಸೇರುವ ಹೊತ್ತಿಗೆ ಒಂಬತ್ತಾಗಿತ್ತು. ಅದು ಯಾತ್ರೆಯ ಜನಜಂಗುಳಿಯ ಕಾಲವಲ್ಲ. ಕೊಳದ ಪಕ್ಕದ ಚಹಾದಂಗಡಿಯಲ್ಲಿ ನಾನೊಬ್ಬಳೇ. ಅಂಗಡಿಯವನು ಮಣ್ಣಿನ ಕುಲ್ಹಡ್ ಕೈಗೆ ಕೊಡುತ್ತ ಅದೇ ಪ್ರಶ್ನೆ ಎಸೆದ. ನಾನು ಕಲಿತ ಪಾಠ ಒಪ್ಪಿಸಿದೆ. ಹಿಂದೆ ಬರುತ್ತಿದ್ದಾರೆ.

"ಕೌನ್ ಕೌನ್?" ಯಾರ್ಯಾರು ಎಂದು.

ಇದಕ್ಕೆ ಡಾಕ್ಟರಮ್ಮ ಉತ್ತರ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ಅಣ್ಣ, ಅತ್ತಿಗೆ. ಅತ್ತಿಗೆಗೆ ಮಂಡಿನೋವು, ನಿಧಾನ. ಅವನು ತಲೆಯಾಡಿಸಿ, ನಾನು ಕೂತಿದ್ದ ಬೆಂಚಿನಲ್ಲಿ ಇನ್ನಿಬ್ಬರಿಗಾಗುವಷ್ಟು ಜಾಗ ಒರೆಸಿದ. ನಿಜ ಹೇಳುತ್ತೇನೆ, ಆ ಒರೆಸಿದ ಜಾಗ ನೋಡಿ ನನಗೆ ಸಂತೋಷವಾಯಿತು. ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಯಾರೋ ನನ್ನನ್ನು ಪಾಪ ಎನ್ನದೆ ನೋಡಿದ್ದರು.

ಆ ರಾತ್ರಿ ಭೀಮಚಂಡಿಯ ಧರ್ಮಶಾಲೆಯಲ್ಲಿ ಬಿಹಾರದ ಕಡೆಯ ಹೆಂಗಸರ ಗುಂಪೊಂದು ಜಗಲಿಯಲ್ಲಿ ಮಲಗಿತ್ತು. ಅವರು ಕೇಳಿದಾಗ, ಅಣ್ಣ ಅತ್ತಿಗೆ ಬೇರೆ ಧರ್ಮಶಾಲೆಯಲ್ಲಿದ್ದಾರೆ ಎಂದೆ. ಬರಿಗಾಲಲ್ಲಿ ನಡೆದ ಅವರ ಪಾದಗಳು ನೆಟ್ಟಗಿದ್ದವು, ಶೂ ಹಾಕಿದ ನನ್ನ ಪಾದ ನೋಡಿ ಅವರು ನಕ್ಕರು. ಒಬ್ಬಾಕೆ ಸಾಸಿವೆ ಎಣ್ಣೆ ಕೊಟ್ಟಳು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಎರಡನೇ ದಿನದ ದಾರಿಯೇ ದಾರಿ. ಭೀಮಚಂಡಿಯಿಂದ ರಾಮೇಶ್ವರಕ್ಕೆ ಇಡೀ ಪರಿಕ್ರಮದ ಘಟ್ಟಗಳಲ್ಲೇ ಉದ್ದದ್ದು. ಎರಡೂ ಕಡೆ ಗೋಧಿ, ದೂರದಲ್ಲಿ ಒಂದೊಂದು ಇಟ್ಟಿಗೆ ಭಟ್ಟಿಯ ಚಿಮಣಿ, ತಡೆಯಿಲ್ಲದೆ ಬೀಸುವ ಗಾಳಿ. ಒಂದು ಗಂಟೆ ನಡೆದರೂ ಅದೇ ಚಿಮಣಿ ಅಲ್ಲೇ ನಿಂತಿರುತ್ತದೆ. ಬ್ಯಾಗಿನಲ್ಲಿ ಎರಡು ದೊಡ್ಡ ಬಾಟಲಿ ನೀರು, ಚಟ್ನಿಪುಡಿ, ಬೆಡ್‌ಶೀಟು, ಒಂದು ಕೊಡೆ ಬೇರೆ. ಹಿಮ್ಮಡಿ ಉರಿಯುತ್ತಿತ್ತು, ಬಲಮಂಡಿ ಕಟಕಟ ಎನ್ನುತ್ತಿತ್ತು.

ಹನ್ನೊಂದರ ಹೊತ್ತಿಗೆ ನಾನು ಅತ್ತಿಗೆಯ ಜೊತೆ ಮಾತಾಡಲು ಶುರುಮಾಡಿದ್ದೆ. ಜೋರಾಗಿಯೇ. ಬೇಗ ಬನ್ನಿ ಅತ್ತಿಗೆ, ಇಷ್ಟು ಮೆಲ್ಲಗೆ ನಡೆದರೆ ಯುಗಾದಿಗೆ ಮುಟ್ಟುತ್ತೇವೆ ಎಂದೆ. ನಿಮಗೇನಮ್ಮ, ಗಂಡನೇ ಮಕ್ಕಳೇ, ಸರಸರ ನಡೀತೀರಿ ಎಂದು ಅತ್ತಿಗೆ ಕುಟುಕಿದರು. ಹರಿಹರದ ಕಡೆಯವರು, ಮಾತು ಸ್ವಲ್ಪ ಖಾರ. ಅಣ್ಣ ನಮ್ಮಪ್ಪನ ಹಾಗೆ, ಮಾತು ಕಡಿಮೆ, ಕೊಡೆ ನಾನು ಹಿಡಿದುಕೊಳ್ಳುತ್ತೇನೆ ಕೊಡು ಎಂದಷ್ಟೇ ಅಂದ. ಹೊಲದಲ್ಲಿ ನೀರು ಕಟ್ಟುತ್ತಿದ್ದವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದ. ನೋಡಲಿ ಬಿಡು. ಒಂದೇ ದಿನದಲ್ಲಿ ಅಷ್ಟು ಕನ್ನಡ ಆಡಿ ನನಗೆ ಎಷ್ಟೋ ಕಾಲವಾಗಿತ್ತು. ಒಂದೆರಡು ಸಲ ಹಿಂತಿರುಗಿಯೂ ನೋಡಿದೆ. ರಸ್ತೆ ಖಾಲಿಯಿತ್ತು, ನನಗೆ ಅಳು ಬಂತು.

ವರುಣಾ ನದಿಯ ದಂಡೆಯ ರಾಮೇಶ್ವರ ಮುಟ್ಟಿದಾಗ ಸಂಜೆ ಆರು. ಧರ್ಮಶಾಲೆಯನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತರ ಆಸುಪಾಸಿನ ಮುದುಕ ಮತ್ತು ಅವರ ಹೆಂಡತಿ. ಇಡೀ ಕಟ್ಟಡದಲ್ಲಿ ಬೇರೆ ಯಾತ್ರಿಕರು ಯಾರೂ ಇರಲಿಲ್ಲ. ಮುದುಕ ಕೇಳುವ ಮೊದಲೇ ನಾನು ಹೇಳಿಬಿಟ್ಟೆ: ಅಣ್ಣ, ಅತ್ತಿಗೆ ಹಿಂದೆ ಬರುತ್ತಿದ್ದಾರೆ, ಕರ್ನಾಟಕದವರು, ಅತ್ತಿಗೆಗೆ ಮಂಡಿನೋವು. ಈಗ ಅದು ಸುಳ್ಳಿನ ಹಾಗೆ ಅನ್ನಿಸುತ್ತಲೂ ಇರಲಿಲ್ಲ.

ಅವರು ಮೂರು ಮಂಚದ ಕೋಣೆ ತೆರೆದು ಕಸ ಗುಡಿಸಿದರು. ಮುದುಕಿ ಮೂವರ ಲೆಕ್ಕಕ್ಕೆ ಹಿಟ್ಟು ಕಲಸಿದರು. ನಾನು ಕಾಲು ಬಿಸಿನೀರಿಗೆ ಇಳಿಬಿಟ್ಟು ಕೂತಿದ್ದೆ. ಆರೂವರೆಯಾಯಿತು, ಕತ್ತಲಾಗತೊಡಗಿತು. ಮುದುಕ ಎರಡು ಸಲ ಬಾಗಿಲಿಗೆ ಹೋಗಿ ಬಂದರು.

"ಫೋನ್ ಲಗಾವಾ," ಎಂದರು. ಫೋನು ಹಚ್ಚು ಎಂದು.

ಅಣ್ಣನ ಫೋನಿನ ಚಾರ್ಜು ಮುಗಿದಿದೆ ಎಂದೆ. ಆ ಕ್ಷಣಕ್ಕೆ ಬಲು ಜಾಣತನ ಎನಿಸಿತು. ಮುದುಕ ಗೋಡೆಯ ಮೊಳೆಯಿಂದ ಟಾರ್ಚು ತೆಗೆದುಕೊಂಡು, ತಲೆಗೆ ಗಮ್ಛಾ ಸುತ್ತಿ, ಸೈಕಲ್ಲು ಹೊರಗೆಳೆದರು. ಮಂಡಿನೋವಿನ ಹೆಂಗಸು ಎಲ್ಲೋ ಕುಸಿದು ಕೂತಿರುತ್ತಾಳೆ, ಲಾರಿ ಓಡಾಡುವ ರಸ್ತೆ, ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳುತ್ತಿದ್ದುದು ಕೇಳಿಸಿತು. ಬೇಡ, ಅವರೇ ಬರುತ್ತಾರೆ ಎಂದು ನಾನು ಕೂಗಿದೆ. ಅವರು ಆಗಲೇ ಪೆಡಲ್ ತುಳಿದಿದ್ದರು. ಒಂದು ಸುಳ್ಳು ಮುಚ್ಚಲು ಎರಡು ಹೇಳಿದ್ದೆ, ಮೂರನೆಯದು ಹೊಳೆಯಲಿಲ್ಲ.

ಮುದುಕಿ ನನ್ನೆದುರು ಕೂತರು. ಒಲೆ ಉರಿಯುತ್ತಿತ್ತು, ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ನನಗೆ ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ನಾಲ್ಕು ಬಿಸ್ಕತ್ತು. ಆದರೆ ಆಕೆ ನನಗೂ ಬಡಿಸಲಿಲ್ಲ, ತಾನೂ ತಿನ್ನಲಿಲ್ಲ.

"ಭೌಜೀ ಕೇ ಆವೇ ದಾ," ಎಂದು ನನ್ನ ಬೆನ್ನು ಸವರಿದರು. ಅತ್ತಿಗೆ ಬರಲಿ. "ಘಬಡಾ ಮತ, ಊ ಖೋಜ ಲಿಹೇಂ." ಗಾಬರಿಯಾಗಬೇಡ, ಅವರು ಹುಡುಕಿ ತರುತ್ತಾರೆ.

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ನನ್ನ ಪಾಡು. ಕೊನೆಗೆ ಮೂರನೆಯ ಸುಳ್ಳು ಹೊಳೆದು, ಅಂಗಳಕ್ಕೆ ಹೋಗಿ ಫೋನನ್ನು ಕಿವಿಗೆ ಹಿಡಿದೆ. ಯಾರದೋ ಫೋನಿನಿಂದ ಅಣ್ಣ ಮಾತಾಡಿದ, ಕಾಲು ನೋವೆಂದು ಆಟೋ ಹತ್ತಿ ಊರಿಗೆ ಹಿಂದಿರುಗಿದರಂತೆ ಎಂದರಾಯಿತು, ಮುದುಕನ ಮೊಬೈಲಿಗೆ ತಿಳಿಸಿದರಾಯಿತು. "ಅಣ್ಣಾ, ಎಲ್ಲಿದ್ದೀರೋ?" ಎಂದೆ. ಮುಂದಿನ ಮಾತು ಹೊರಡಲಿಲ್ಲ. ಎಲ್ಲಿದ್ದೀರಿ ಎಂದು ಕೇಳಲು ನನಗೆ ಈ ಭೂಮಿಯ ಮೇಲೆ ಯಾರೂ ಇರಲಿಲ್ಲ, ಇದ್ದೊಬ್ಬ ಅಮ್ಮನೂ ಹೋಗಿ ಎರಡು ವರ್ಷ ಕಳೆದಿತ್ತು. ಸುಮ್ಮನಿದ್ದ ಫೋನನ್ನು ಕಿವಿಗೊತ್ತಿಕೊಂಡು ಅತ್ತೆ.

ಒಳಗೆ ಬಂದು ಮುದುಕಿಗೆ ಗಂಡನ ಮೊಬೈಲ್ ನಂಬರು ಕೇಳಿದೆ. ಆಕೆ ಅಡಿಗೆಮನೆಯ ಗೂಡಿನ ಕಡೆ ಬೆರಳು ತೋರಿಸಿದರು. ಮೊಬೈಲು ಅಲ್ಲಿ ಚಾರ್ಜಿಗೆ ಬಿದ್ದಿತ್ತು.

ನಾನು ಚಪ್ಪಲಿ ಮೆಟ್ಟಿದೆ. ಶೂ ಹಾಕುವ ಸ್ಥಿತಿಯಲ್ಲಿ ಕಾಲಿರಲಿಲ್ಲ. ಮುದುಕಿ ದಡಬಡಿಸಿ ಎದ್ದು ಬಾಗಿಲಿಗೆ ಅಡ್ಡ ನಿಂತರು. ಪರಿಕ್ರಮದಲ್ಲಿ ನಡೆದ ದಾರಿಗೆ ವಾಪಸು ಕಾಲಿಡಬಾರದು, ಇಟ್ಟರೆ ನಡೆದದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದರು. ನಾನು ಲೆಕ್ಕ ಹಾಕಿದೆ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಸೋಮವಾರ ಶಾಖೆಯಲ್ಲಿ ಎಲ್ಲರೂ ಕೇಳುತ್ತಾರೆ, ಮುಗಿಯಲಿಲ್ಲ ಎಂದರೆ ಮತ್ತದೇ ಮುಖ ಮಾಡುತ್ತಾರೆ. ಒಂದು ನಿಮಿಷ ನಿಂತೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಆಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ರಸ್ತೆಗಿಳಿದೆ. ಮಾಡಿದ್ದುಣ್ಣೋ ಮಹರಾಯ.

ಆ ರಸ್ತೆಯಲ್ಲಿ ಸಂಜೆ ಬರುವಾಗ ಇಷ್ಟು ದೂರವಿರಲಿಲ್ಲ. ಕುಂಟುತ್ತ ನಡೆದೆ. ಪಾನ್ ಅಂಗಡಿಯವನು ನನ್ನನ್ನು ನೋಡಿದವನೇ, ಬಾಬಾ ಆ ಕಡೆ ಹೋದರು, ಕಾಲುನೋವಿನ ಕರ್ನಾಟಕದ ಹೆಂಗಸನ್ನು ಹುಡುಕುತ್ತಿದ್ದಾರೆ, ನೀನೇ ಅಲ್ಲವೇ ಎಂದ. ನಾನು ಅವನು ತೋರಿಸಿದ ಕಡೆಗೆ ಹೆಜ್ಜೆ ಹಾಕಿದೆ. ಅಲ್ಲಿಂದ ಮುಂದೆ ಅಂಗಡಿ ಇಲ್ಲ, ದೀಪ ಇಲ್ಲ, ಗೋಧಿ ಹೊಲಗಳು ಮಾತ್ರ. ಲಾರಿಯೊಂದು ಮೈಗೆ ಧೂಳು ಸುರಿದು ಹೋಯಿತು.

ಆಗ ಕೂಗು ಕೇಳಿಸಿತು.

"ಏ ಭೈಯಾ! ಏ ಭೌಜೀ! ಏ ಕರ್ನಾಟಕವಾಲೇ!"

ಮೋರಿಯ ಪಕ್ಕ ಸೈಕಲ್ಲು ನಿಂತಿತ್ತು. ಮುದುಕ ಹೊಲದ ಬದುವಿನ ಮೇಲೆ ನಿಂತು, ಟಾರ್ಚಿನ ಬೆಳಕನ್ನು ಗೋಧಿಯ ಮೇಲೆ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಕೂಗಿ, ಕಿವಿಗೆ ಕೈ ಅಡ್ಡ ಹಿಡಿದು, ಉತ್ತರಕ್ಕೆ ಕಾಯುತ್ತಿದ್ದರು. ಕೂಗಿ ಕೂಗಿ ದನಿ ಒಡೆದಿತ್ತು. ನಾನು ಅವರ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿದ್ದೆ. ಬಾಬಾ ಎಂದು ಕರೆದಿದ್ದರೆ ಆಗಲೇ ತಿರುಗುತ್ತಿದ್ದರು.

ಕರೆಯಲಿಲ್ಲ. ನನ್ನವರನ್ನು ಹೀಗೆ ಯಾರೂ ಎಂದೂ ಕೂಗಿ ಕರೆದಿರಲಿಲ್ಲ. ಇನ್ನೊಂದೇ ಒಂದು ಸಲ ಕೂಗಲಿ ಎಂದು ಆಸೆಯಾಯಿತು. ಎಪ್ಪತ್ತರ ಮುದುಕನನ್ನು ಕತ್ತಲಲ್ಲಿ ನಿಲ್ಲಿಸಿ ಆಸೆಪಟ್ಟೆನಲ್ಲ ಎಂದು ಇವತ್ತಿಗೂ ನಾಚಿಕೆಯಿದೆ. ಅವರು ಮತ್ತೆ ಕೂಗಿದರು, ಮೊದಲು ಭೈಯಾನನ್ನು, ಆಮೇಲೆ ಭೌಜಿಯನ್ನು. ಮುಗಿಯುವ ತನಕ ಕೇಳಿಸಿಕೊಂಡೆ. ಆಮೇಲೆ ಹತ್ತಿರ ಹೋಗಿ, ಕೋಯೀ ನಹೀಂ ಹೈ ಬಾಬಾ, ಮೈಂ ಅಕೇಲೀ ಹೂಂ ಎಂದೆ. ಯಾರೂ ಇಲ್ಲ ಬಾಬಾ, ನಾನು ಒಂಟಿ.

ಅವರು ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟು, ಪಾದಕ್ಕೆ ಬಿಟ್ಟು, ನಾನು ಬಂದ ದಾರಿಯ ಉದ್ದಕ್ಕೆ ಬಿಟ್ಟು ನೋಡಿದರು. ಬೈಯಲಿಲ್ಲ, ಪಾಪ ಎನ್ನಲೂ ಇಲ್ಲ.

"ತ ಹಮ್ಮೇಂ ಖೋಜೇ ಅಇಲೂ?" ಎಂದರು. ಹಾಗಾದರೆ ನನ್ನನ್ನು ಹುಡುಕಿಕೊಂಡು ಬಂದೆಯಾ?

ಹೂಂ ಎಂದೆ.