ಕೆಸರು ಕಾಣದ ಕಾರು

ಕೊತ್ತಗೆರೆಯ ಆಚೆಗೆ ನಾನು ಪಾಠ ಮಾಡುವ ಶಾಲೆಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಸ್ಕೂಟರ್ ಜಾರಿ ಎರಡು ಸಲ ಬಿದ್ದ ಮೇಲೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಕಾರೇ ಬೇಕೆಂದು ಹಟ ಹಿಡಿದೆ. ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸಿ ನೋಡಿ, ಹುಡುಗಿಯಂತೆ ನಕ್ಕು, ಆರಿಸಿದವಳೂ ನಾನೇ. ಶೋರೂಮಿನವನು ಕೀ ಕೊಟ್ಟದ್ದು ಗಂಡನ ಕೈಗೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದೂ ಅವರೇ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

"ಆ ಕೆಸರಲ್ಲಿ ಹೊಸ ಗಾಡಿ ಹಾಳಾಗೋಗುತ್ತೆ, ನೀನು ಸ್ಕೂಟ್ರಲ್ಲೇ ಹೋಗು," ಎಂದರು ಮಾರನೆಯ ದಿನ. ಅವರ ಆಫೀಸು ಕುಣಿಗಲ್ಲಿನಲ್ಲೇ, ಮನೆಯಿಂದ ಡಾಂಬರು ರಸ್ತೆಯಲ್ಲಿ ಐದು ನಿಮಿಷ.

ನಿನ್ನೆ ಮತ್ತೆ ಬಿದ್ದೆ. ಮಂಡಿ ತರಚಿ, ಸೀರೆಯೆಲ್ಲ ಕೆಸರಾಗಿ ಮನೆಗೆ ಬಂದಾಗ ಅವರು ಕಾರು ತೊಳೆಯುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ಕೂಟ್ರು ಆ ಕಡೆ ನಿಲ್ಸು, ಕಾರಿಗೆ ಕೆಸರಾಗುತ್ತೆ," ಎಂದರು.