ಗಿರಣಿಯ ಬ್ಯಾಟರಿಯೂ ನಮ್ಮ ಮನೆಯ ನೆಲವೂ

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕನ ಚೊಚ್ಚಲ ಬಾಣಂತನಕ್ಕೆಂದು ಅವ್ವ ನಡುಮನೆಯ ನೆಲವನ್ನು ಹೊಸದಾಗಿ ಮೆತ್ತಿ ಸಾರಿಸಿದಳು. ದೇವನೂರಿನಲ್ಲಿ ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆಯ ಮಣ್ಣಿನ ಮನೆ. ಸಗಣಿಗೆ ಸತ್ತ ಟಾರ್ಚ್ ಸೆಲ್ಲಿನ ಕಪ್ಪು ಪುಡಿ ಕಲಸಿ ಸಾರಿಸಿದರೆ ನೆಲ ಮಿರಮಿರ ಮಿಂಚುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಸೆಲ್ಲು ಸತ್ತರೆ ಯಾರೂ ಬಿಸಾಡುತ್ತಿರಲಿಲ್ಲ. ಆ ವರ್ಷ ಮಾತ್ರ ಅವ್ವ ಸೆಲ್ಲಿಗಾಗಿ ಮನೆಮನೆ ಅಲೆಯಬೇಕಾಗಲಿಲ್ಲ. ಹಿತ್ತಿಲಿನಲ್ಲಿ ಬ್ಯಾಟರಿಯ ಪುಡಿ ರಾಶಿ ಬಿದ್ದಿತ್ತು.

ಅದು ಬಂದದ್ದು ನಂಜನಗೂಡಿನ ಒಂದು ಗಿರಣಿಯಿಂದ. ಅಪ್ಪ ಅಲ್ಲಿಯ ಕಚೇರಿಯಲ್ಲಿ ಜವಾನ. ಕಚೇರಿಯ ಟೆಲಿಫೋನುಗಳಿಗೆಂದು ಬೀರುವಿನಷ್ಟು ಎತ್ತರದ ಒಂದು ಯಂತ್ರವಿತ್ತು, ಅದನ್ನು ನಡೆಸಲು ಸಾಲಾಗಿ ದೊಡ್ಡ ಬ್ಯಾಟರಿಗಳಿದ್ದವು. ಹೊಸ ಯಂತ್ರ ಬಂದ ಮೇಲೆ ಇವೆಲ್ಲ ಮೂಲೆ ಸೇರಿದವು. ಮೇಲಿನವರು ತನಿಖೆಗೆ ಬರುತ್ತಾರೆಂದಾಗ ಮ್ಯಾನೇಜರ್ ಸಾಹೇಬರಿಗೆ ಆ ಮೂಲೆ ಕಣ್ಣಿಗೆ ಚುಚ್ಚಿತು.

“ನಾಳೆಯೊಳಗೆ ಇದೆಲ್ಲ ಕಾಂಪೌಂಡಿಂದ ಆಚೆ ಹೋಗ್ಬೇಕು. ಬೇಕಾದ್ರೆ ನೀನೇ ತಗೊಂಡು ಹೋಗಯ್ಯ” ಎಂದರಂತೆ.

ಅಪ್ಪ ಅದನ್ನು ಇನಾಮು ಎಂದುಕೊಂಡ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರ ಪೈಕಿ ಅವನು. ಯಂತ್ರದ ತಾಮ್ರ, ಬ್ಯಾಟರಿಯ ಸೀಸ ಗುಜರಿಯವನ ಪಾಲಾಯಿತು. ಸೀಸದ ತಟ್ಟೆಗಳನ್ನು ಕಲ್ಲಿನ ಮೇಲೆ ಕುಟ್ಟಿದಾಗ ಉದುರಿದ ಪುಡಿ ನಮಗೆ ಉಳಿಯಿತು. ಅದೂ ಬ್ಯಾಟರಿ, ಇದೂ ಬ್ಯಾಟರಿ ಎಂದು ಅವ್ವ ಸಗಣಿಗೆ ಕಲಸಿದಳು.

ಅಕ್ಕನ ಗಂಡನ ಮನೆ ಟಿ. ನರಸೀಪುರ. ಬಾಣಂತಿಯನ್ನು ಕಳಿಸುವ ಹೊತ್ತು ಮೀರಿದರೂ ಆ ನೆಪ ಈ ನೆಪ ಹೇಳಿ, ಮಗು ಅಂಬೆಗಾಲಿಡುವವರೆಗೂ ಅವ್ವ ಅವಳನ್ನು ಉಳಿಸಿಕೊಂಡಳು. ಮಗು ಆ ನೆಲದ ಮೇಲೆ ತೆವಳಿತು, ಕೈ ಊರಿತು, ಅದೇ ಕೈಯನ್ನು ಬಾಯಿಗಿಟ್ಟುಕೊಂಡಿತು. ಮಕ್ಕಳು ಮಾಡುವುದೇ ಅದನ್ನು. ಮೊದಲು ವಾಂತಿ ಶುರುವಾಯಿತು, ಆಮೇಲೆ ಹಾಲು ಬಿಟ್ಟಿತು. ಕೈಕಾಲು ಸೆಟೆದುಕೊಂಡಾಗ ಬಾಲಗ್ರಹವೆಂದು ತಾಯಿತ ಕಟ್ಟಿಸಿದರು. ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಓಡಿದೆವು.

ಅಲ್ಲಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಬಣ್ಣ, ಬ್ಯಾಟರಿ ಏನಾದರೂ ಇದೆಯೇ ಎಂದು ಕೇಳಿದರು.

“ನೆಲುಕ್ಕೆ ಬ್ಯಾಟ್ರಿ ಕಪ್ಪು ಆಕಿವ್ನಿ ಸಾ. ಎಲ್ರೂ ಆಕ್ತಾರೆ” ಎಂದಳು ಅವ್ವ.

ಅದು ಟಾರ್ಚಿನ ಪುಡಿಯಲ್ಲ, ಸೀಸ, ವಿಷ ಎಂದು ಅವರು ಬಿಡಿಸಿ ಹೇಳಿದರು. ಮಗು ಮತ್ತೆ ಆ ಮನೆಗೆ ಹೋಗಕೂಡದು, ನೆಲವನ್ನೆಲ್ಲ ಅಗೆದು ದೂರ ಎಸೆಯಿರಿ ಎಂದರು. ಅಕ್ಕ ಮಗುವನ್ನೆತ್ತಿಕೊಂಡು ನೇರ ನರಸೀಪುರಕ್ಕೆ ಹೋದಳು. ಅವ್ವ ದಿನವಿಡೀ ತನ್ನ ಎರಡು ಕೈಗಳನ್ನೇ ನೋಡಿಕೊಂಡು ಕೂರುತ್ತಿದ್ದಳು. ನನಗೆ ಮಾತ್ರ ಗಿರಣಿಯ ಆ ಸಾಹೇಬರ ಮೇಲೆ ಸಿಟ್ಟು ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಅಪ್ಪ ನೆಲ ಅಗೆದ, ಹಿತ್ತಿಲಿನ ಮಣ್ಣನ್ನೂ ಕೆರೆದು ಗೋಣಿಚೀಲಗಳಿಗೆ ತುಂಬಿದ. ದೂರ ಎಸೆಯಿರಿ ಎಂದು ಹೇಳುವುದೇನೋ ಸುಲಭ. ಕೆರೆಯಲ್ಲಿ ದನ ನೀರು ಕುಡಿಯುತ್ತವೆ. ಹಾಳುಬಾವಿಯ ಮಗ್ಗುಲಲ್ಲೇ ಸೇದುವ ಬಾವಿ. ನಮಗೆ ದೂರವಾದದ್ದು ಇನ್ಯಾರದೋ ಮನೆಯ ಹತ್ತಿರ.

ಕೊನೆಗೆ ಚೀಲಗಳನ್ನು ಬಾಡಿಗೆ ಎತ್ತಿನಗಾಡಿಗೆ ಹೇರಿ ಗಿರಣಿಗೇ ಹೋದೆವು. ಚೀಲ ಜಾರದಂತೆ ಹಿಡಿದುಕೊಂಡು ನಾನೂ ಕೂತಿದ್ದೆ. ಗೇಟಿನ ಕಾವಲುಗಾರ ಅಪ್ಪನ ಗೆಳೆಯನೇ. ಒಳಗೆ ಹೋಗಿ ಕೇಳಿಕೊಂಡು ಬಂದ.

“ಆಚೆ ಓದ ಸಾಮಾನು ಒಳಿಕ್ಕೆ ಬರಂಗಿಲ್ವಂತೆ ಕಣ್ಲಾ. ಮಣ್ಣು ನಮ್ದಲ್ಲ ಅಂತಾವ್ರೆ ಸಾಹೇಬ್ರು.”

“ಪುಡಿ ಅವ್ರದೇ ಅಲ್ವಾ?” ಎಂದ ಅಪ್ಪ.

“ನನ್ನ ಕೇಳುದ್ರೆ ನಾನೇನ್ಲಾ ಮಾಡ್ಲಿ? ಓಗು.”

ಅಲ್ಲಿಂದ ಗಾಡಿ ಕಪಿಲೆಯ ದಂಡೆಗೆ ಬಂತು. ಅಪ್ಪ ಒಂದು ಚೀಲವನ್ನು ಹೆಗಲಿಗೇರಿಸಿಕೊಂಡು ನೀರಿನವರೆಗೂ ಹೋದ. ಚೀಲದ ಬಾಯಿ ಬಿಚ್ಚಿದವನು ಸುರಿಯದೆ ನಿಂತುಬಿಟ್ಟ.

“ಈ ನೀರು ನರಸೀಪುರುಕ್ಕೆ ಓಯ್ತದೆ ಕಣವ್ವ. ಕೂಸು ಅಲ್ಲೇ ಅದೆ” ಎಂದ ನನ್ನ ಕಡೆ ತಿರುಗಿ.

ಬಂದ ದಾರಿಯಲ್ಲೇ ವಾಪಸಾದೆವು. ಚೀಲಗಳನ್ನು ನಡುಮನೆಯ ಗುಂಡಿಯಲ್ಲೇ ಜೋಡಿಸಿ ಅಪ್ಪ ಬಾಗಿಲು ಹಾಕಿದ. ಅಂದಿನಿಂದ ನಾವು ಓಡಾಡಿದ್ದು ಹಿತ್ತಿಲ ಬಾಗಿಲಿನಿಂದ, ಮಲಗಿದ್ದು ಅಡುಗೆಮನೆಯಲ್ಲಿ. ಸಾಹೇಬರ ಕಸಕ್ಕೆ ನಮ್ಮ ಮನೆ ಉಗ್ರಾಣವಾಯಿತು.

ಮೈಗೇರಿದ ವಿಷ ಇಳಿಯಲೇ ಇಲ್ಲ, ಯುಗಾದಿಗೆ ಮೊದಲೇ ಮಗು ತೀರಿಕೊಂಡಿತು. ಸುದ್ದಿ ತಿಳಿದು ನಾವು ನರಸೀಪುರ ಮುಟ್ಟುವಷ್ಟರಲ್ಲಿ ಭಾವನ ಕಡೆಯವರು ಹೊಳೆಯಿಂದ ಮೇಲೆ ಒಂದು ಸಣ್ಣ ಗುಂಡಿ ತೋಡಿದ್ದರು. ಅಕ್ಕ ಅವ್ವನ ಮುಖ ನೋಡಲಿಲ್ಲ. ಅಪ್ಪ ಹಿಡಿ ಮಣ್ಣು ಹಾಕಿದ.

ಹಿಂತಿರುಗುವ ಬಸ್ಸಿನಲ್ಲಿ, ಅವ್ವನಿಗೆ ಕೇಳಿಸದ ಹಾಗೆ, ಅವನು ನನ್ನ ಕಡೆ ಬಗ್ಗಿದ.

“ಕೂಸಿಗೆ ಒಂದು ಗಳಿಗೇಲಿ ಜಾಗ ಸಿಕ್ಬುಡ್ತು ನೋಡವ್ವ” ಎಂದ. “ಆ ಚೀಲುಕ್ಕೇ ಸಿಗ್ನಿಲ್ಲ.”